ಕೆಲಸಕ್ಕೆ ಮರಳುವ ತಾಯಂದಿರ ಪ್ರಶ್ನೆಗಳು

ಪ್ರಶ್ನೆ: ಮಗುವಿಗೆ ನಾಲ್ಕೂವರೆ ತಿಂಗಳು. ಇನ್ನು ಹದಿನೈದು ದಿನಕ್ಕೆ ಡ್ಯೂಟಿಗೆ ಹಾಜರಾಗಬೇಕು. ಬೆಳಗ್ಗೆ 9ಕ್ಕೆ ಮನೆ ಬಿಟ್ಟರೆ ಮರಳುವುದು ಸಂಜೆ 6.30ಕ್ಕೆ. ಮಗು ಎದೆಹಾಲು ಬಿಟ್ಟು ಬೇರೇನೂ ಕುಡಿದಿಲ್ಲ. ಈಗಿಂದಲೇ ಪೌಡರ್ ಹಾಲು ರೂಢಿ ಮಾಡಿಸು ಎಂದು ಅತ್ತೆ ಹೇಳುತ್ತಾರೆ. ಒಮ್ಮೆ ಪಂಪ್ ಮಾಡಿ ನೋಡಿದೆ, 30 ಎಂಎಲ್ ಕೂಡ ಬರಲಿಲ್ಲ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಅಷ್ಟೇ ಬಂತೆಂದು ಹೆದರಬೇಡಿ. ಮಗು ಕುಡಿದು ಮುಗಿಸಿದ ಮೇಲೆ ಪಂಪ್ ಹಾಕಿದರೆ ಉಳಿದಿರುವುದೇ ಅಷ್ಟು. ಮಗುವಿನ ಬಾಯಿಗೆ ಇಳಿದಂತೆ ಯಂತ್ರಕ್ಕೆ ಹಾಲು ಇಳಿಯುವುದೂ ಇಲ್ಲ. ಮಗುವಿನ ತೂಕ ಏರುತ್ತಿದ್ದು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಿರಿ. ಪೌಡರ್ ಹಾಲು ಈಗಲೇ ಶುರುವಾದರೆ ಮಗು ಎದೆ ಕುಡಿಯುವುದು ತಗ್ಗುತ್ತದೆ, ಅದರ ಹಿಂದೆಯೇ ಹಾಲೂ ಇಳಿಯುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಅತ್ತೆಯವರಿಗೆ ಇದನ್ನು ನೀವು ಹೇಳುವುದಕ್ಕಿಂತ ಮಕ್ಕಳ ಡಾಕ್ಟರ ಬಾಯಿಂದ ಹೇಳಿಸುವುದು ಒಳ್ಳೆಯದು.

ಲೆಕ್ಕ ಹೀಗೆ: ಈ ವಯಸ್ಸಿನ ಮಗು ದಿನಕ್ಕೆ ಸುಮಾರು 750 ಎಂಎಲ್ ಕುಡಿಯುತ್ತದೆ. ನೀವು ಹೊರಗಿರುವ ಪ್ರತಿ ಗಂಟೆಗೆ 30 ಎಂಎಲ್ ಎಂದು ಹಿಡಿದರೆ ಒಂಬತ್ತೂವರೆ ಗಂಟೆಗೆ ಸುಮಾರು 285. ಅಂದರೆ 70–75 ಎಂಎಲ್‌ನ ನಾಲ್ಕು ಸಣ್ಣ ಡಬ್ಬಿ ಸಾಕು. ಫ್ರಿಜ್ ತುಂಬಾ ಹಾಲು ಕೂಡಿಡಬೇಕಿಲ್ಲ. ಮೊದಲ ದಿನದ ಹಾಲಿನ ಜೊತೆ ಒಂದೆರಡು ದಿನದ್ದು ಹೆಚ್ಚಿಗೆ ಇದ್ದರೆ ಆಯಿತು. ಆಮೇಲೆ ಇವತ್ತು ಆಫೀಸಿನಲ್ಲಿ ತೆಗೆದದ್ದು ನಾಳೆಗೆ.

ಇವತ್ತಿನಿಂದಲೇ ಬೆಳಗಿನ ಮೊದಲ ಹಾಲು ಕುಡಿಸಿ ಅರ್ಧ ಗಂಟೆ ಬಿಟ್ಟು ಒಂದು ಸಲ ಹಾಲು ತೆಗೆಯಿರಿ. ಬೆಳಗಿನ ಹೊತ್ತು ಹಾಲು ಹೆಚ್ಚಿರುತ್ತದೆ. ಪಂಪ್ ಇಲ್ಲದಿದ್ದರೂ ಕೈಯಿಂದಲೇ ಹಿಂಡಬಹುದು. ಕೈ ತೊಳೆದು, ಎದೆಯನ್ನು ಮೆಲ್ಲಗೆ ನೀವಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಕೂಡಿಸಿ ಅದುಮಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ತೊಟ್ಟನ್ನೇ ಎಳೆದರೆ ಹಾಲು ಬರುವುದಿಲ್ಲ, ನೋವು ಮಾತ್ರ. ಮೊದಲ ಒಂದೆರಡು ನಿಮಿಷ ಹನಿಹನಿಯಾಗಿ ಬಂದು, ಆಮೇಲೆ ಚಿಮ್ಮುತ್ತದೆ. ಒಂದು ಕಡೆ ಐದು ನಿಮಿಷ, ಇನ್ನೊಂದು ಕಡೆ ಐದು ನಿಮಿಷ ಎಂದು ಬದಲಾಯಿಸುತ್ತಾ ಇಪ್ಪತ್ತು–ಮೂವತ್ತು ನಿಮಿಷ.

ಪಂಪ್ ಬಳಸುವವರು ಎರಡು ಭಾಗಗಳನ್ನು ಗಮನಿಸಿ. ಎದೆಗೆ ಹಿಡಿಯುವ ಕೊಳವೆಯೊಳಗೆ ತೊಟ್ಟು ಸಲೀಸಾಗಿ ಆಡಬೇಕು. ಬದಿಗೆ ಉಜ್ಜಿ ಕೆಂಪಾದರೆ ಅಳತೆ ಸಣ್ಣದಾಯಿತು; ಕಪ್ಪು ಭಾಗವೂ ಒಳಗೆ ಹೋಗುತ್ತಿದ್ದರೆ ದೊಡ್ಡದಾಯಿತು. ಪಂಪ್ ಜೊತೆ ಬಂದ ಕೊಳವೆಯ ಅಳತೆಯೇ ಎಲ್ಲರಿಗೂ ಹೊಂದುವುದಿಲ್ಲ. ಇನ್ನೊಂದು, ಒಳಗಿನ ಸಣ್ಣ ಸಿಲಿಕೋನ್ ವಾಲ್ವ್. ಅದರ ತುದಿ ಕೂದಲೆಳೆಯಷ್ಟು ಸೀಳಿದರೂ ಹೀರುವ ಬಲ ತಗ್ಗುತ್ತದೆ. ಎಷ್ಟೋ ತಾಯಂದಿರು ತಮಗೆ ಹಾಲೇ ಬತ್ತಿತು ಅಂದುಕೊಳ್ಳುತ್ತಾರೆ, ಹಾಳಾಗಿರುವುದು ವಾಲ್ವ್.

ಆಫೀಸಿನಲ್ಲಿ ಎರಡೂವರೆ–ಮೂರು ಗಂಟೆಗೊಮ್ಮೆ, ಅಂದರೆ 11.30, 2.30 ಮತ್ತು 5ರ ಸುಮಾರಿಗೆ ಹಾಲು ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಕೌಂಟರ್ ಮುಂದೆ ಜನ ಇದ್ದಾರೆಂದು ಒಂದು ಹೊತ್ತು ಬಿಟ್ಟು, ನಾಳೆ ಇನ್ನೊಂದು ಹೊತ್ತು ಬಿಡುತ್ತಾರೆ. ತುಂಬಿದ ಎದೆ ‘ಇನ್ನು ಸಾಕು’ ಎಂದು ತಾನಾಗಿ ಹಾಲು ಮಾಡುವುದನ್ನು ನಿಧಾನಿಸುತ್ತದೆ. ಹದಿನೈದು ದಿನದಲ್ಲಿ ಹಾಲು ಇಳಿಯುತ್ತದೆ, ನಡುವೆ ಎದೆ ಕಟ್ಟಿಕೊಂಡು ಗಂಟೂ ಆಗಬಹುದು. ಗಂಟಿನ ಜೊತೆ ಜ್ವರ, ಚಳಿ, ಕೆಂಪು ಕಂಡರೆ ಅದೇ ದಿನ ಡಾಕ್ಟರನ್ನು ಕಾಣಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.

ತೆಗೆದ ಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ ಇರುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಆ ಲೆಕ್ಕ ನಡೆಯದು, ಐಸ್ ಪ್ಯಾಕ್ ಇಟ್ಟ ಚೀಲದಲ್ಲೇ ಇಡಿ. ಅದರಲ್ಲಿ 24 ಗಂಟೆ ತಡೆಯುತ್ತದೆ. ಫ್ರಿಜ್‌ನಲ್ಲಿ ನಾಲ್ಕು ದಿನ, ಅದೂ ಬಾಗಿಲಲ್ಲಲ್ಲ, ಒಳಗಿನ ಹಿಂಬದಿಯಲ್ಲಿ. ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿಯ ಮೇಲೆ ತಾರೀಕು ಬರೆದು, ಹಳೆಯದನ್ನು ಮೊದಲು ಕೊಡಿ. ಈಗಷ್ಟೇ ತೆಗೆದ ಬೆಚ್ಚಗಿನ ಹಾಲನ್ನು ತಣ್ಣನೆಯ ಹಾಲಿನ ಮೇಲೆ ಸುರಿಯಬೇಡಿ, ಅದನ್ನೂ ತಣ್ಣಗೆ ಮಾಡಿ ಬೆರೆಸಿ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆರೆಯದಿರುವುದೇ ಮುಖ್ಯ.

ಕೊಡುವ ಮುನ್ನ ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ. ಒಲೆಯ ಮೇಲೆ ಕುದಿಸುವುದು, ಮೈಕ್ರೋವೇವ್‌ನಲ್ಲಿ ಇಡುವುದು ಬೇಡ. ಮೇಲೆ ಕೆನೆಯ ಪದರ ನಿಂತರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ಅಲುಗಾಡಿಸಿದರೆ ಬೆರೆಯುತ್ತದೆ. ಮಗು ಬಿಟ್ಟ ಹಾಲನ್ನು ಎರಡು ಗಂಟೆ ದಾಟಿದ ಮೇಲೆ ಚೆಲ್ಲಿಬಿಡಿ.

ಬಾಟಲಿಗಿಂತ ಒಳಲೆ ಮೇಲು. ತೊಳೆಯಲು ಸುಲಭ, ಎದೆ ಬಿಟ್ಟು ನಿಪ್ಪಲ್‌ಗೆ ಒಗ್ಗಿಕೊಳ್ಳುವ ಭಯವೂ ಇಲ್ಲ. ಅತ್ತೆಯವರ ಕೈಗೆ ಒಳಲೆ ಹೊಸದೇನಲ್ಲ, ಆದರೂ ಒಂದು ಮಾತು ನೆನಪಿಸಿ: ಮಗುವನ್ನು ಮಲಗಿಸಿ ಬಾಯಿಗೆ ಸುರಿಯಬಾರದು. ತೊಡೆಯ ಮೇಲೆ ತಲೆ ಎತ್ತಿ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಮಗು ತಾನಾಗಿ ಗುಟುಕರಿಸಲಿ. ಈ ಅಭ್ಯಾಸವನ್ನು ಒಂದು ವಾರ ಮೊದಲೇ ಆರಂಭಿಸಿ, ನೀವು ಆ ಕೋಣೆಯಲ್ಲಿ ಇಲ್ಲದಾಗ. ನಿಮ್ಮ ವಾಸನೆ ಹತ್ತಿರವಿದ್ದರೆ ಮಗು ಒಳಲೆಯನ್ನು ಒಪ್ಪದು.

ಪ್ರಶ್ನೆ: ನಾನಿರುವ ಗಾರ್ಮೆಂಟ್ಸ್‌ನಲ್ಲಿ ಮಕ್ಕಳ ಕೋಣೆ ಇದೆ. ಆದರೆ ಹಾಲು ಕುಡಿಸಲು ಎದ್ದರೆ ‘ಟಾರ್ಗೆಟ್ ಯಾರು ಮುಗಿಸ್ತಾರೆ’ ಎನ್ನುತ್ತಾರೆ ಸೂಪರ್‌ವೈಸರ್. ಮಗುವಿಗೆ ಎಂಟು ತಿಂಗಳು.
– ಟೈಲರ್, ಬೆಂಗಳೂರು

ಉತ್ತರ: ಹಾಲು ಕುಡಿಸಲು ಎದ್ದು ಹೋಗುವುದು ನಿಮ್ಮ ಹಕ್ಕು, ಅದು ಯಾರೂ ಕೊಡುವ ರಿಯಾಯಿತಿಯಲ್ಲ. ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ವಿರಾಮವಲ್ಲದೆ, ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಮಕ್ಕಳ ಕೋಣೆ ಇರಬೇಕು, ವಿರಾಮದ ಹೊತ್ತೂ ಸೇರಿ ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿಬರಬಹುದು ಎಂಬುದು 2017ರ ತಿದ್ದುಪಡಿಯಲ್ಲಿ ಬಂತು. ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಬಂದದ್ದೂ ಆಗಲೇ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆಲ್ಲ ಹಾಗೇ ಉಳಿದಿವೆ.

ಲೈನಿನಲ್ಲಿ ನಿಂತು ವಾದ ಮಾಡಬೇಡಿ. ಸೂಪರ್‌ವೈಸರ್‌ಗೂ ಮೇಲಿನವರ ಒತ್ತಡ ಇರುತ್ತದೆ, ಬಾಯಿಮಾತು ಮರುದಿನಕ್ಕೆ ಉಳಿಯುವುದಿಲ್ಲ. ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಟೋಕನ್ ನಂಬರ್, ಮಗುವಿನ ಹುಟ್ಟಿದ ದಿನ, ಬಿಡುವಿನ ಎರಡು ಹೊತ್ತು (ಉದಾಹರಣೆಗೆ 11 ಮತ್ತು 3.30) ಬರೆದು ಎಚ್‌ಆರ್‌ಗೆ ಕೊಡಿ. ಜನನ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸಹಿ ಮತ್ತು ತಾರೀಕು ಹಾಕಿಸಿಕೊಳ್ಳಿ. ಹೊತ್ತು ಮೊದಲೇ ಗೊತ್ತಿದ್ದರೆ ಲೈನಿಗೆ ಬದಲಿ ಟೈಲರನ್ನು ಹಾಕುವುದು ಅವರಿಗೂ ಸುಲಭ. ಆಗಲೂ ತಡೆದರೆ ಅದೇ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಿ. ಒಬ್ಬರ ಬದಲು ನಾಲ್ಕೈದು ತಾಯಂದಿರು ಸೇರಿ ಬರೆದರೆ ಬೇಗ ಕೆಲಸವಾಗುತ್ತದೆ.

ಪ್ರಶ್ನೆ: ಮಗುವಿಗೆ ಏಳು ತಿಂಗಳು. ನಾನು ಕೆಲಸಕ್ಕೆ ಹೋಗತೊಡಗಿದ ಮೇಲೆ ರಾತ್ರಿಯೆಲ್ಲ ಎದ್ದೆದ್ದು ಕುಡಿಯುತ್ತದೆ.
– ಶಿಕ್ಷಕಿ, ಶಿವಮೊಗ್ಗ

ಉತ್ತರ: ಹಗಲು ಕಡಿಮೆಯಾದದ್ದನ್ನು ಮಗು ರಾತ್ರಿ ತೀರಿಸಿಕೊಳ್ಳುತ್ತಿದೆ. ಹಗಲಿನ ಊಟ ನೋಡಿ. ಹಲವು ಮನೆಗಳಲ್ಲಿ ರಾಗಿ ಸರಿ ತೀರಾ ನೀರಾಗಿರುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಅದರಲ್ಲಿ ಸತ್ವ ಕಡಿಮೆ. ಚಮಚ ಓರೆ ಮಾಡಿದರೆ ಹರಿದು ಹೋಗದಷ್ಟು ಗಟ್ಟಿ ಇರಲಿ, ಮೇಲೊಂದಿಷ್ಟು ತುಪ್ಪ. ಈ ವಯಸ್ಸಿಗೆ ದಿನಕ್ಕೆ ಎರಡು–ಮೂರು ಸಲ, ಎರಡು ಮೂರು ಚಮಚದಿಂದ ಶುರುವಾಗಿ ನಿಧಾನಕ್ಕೆ ಪ್ರತಿ ಸಲ ಅರ್ಧ ಬಟ್ಟಲಿಗೆ ಏರಬೇಕು. ನುಣ್ಣಗೆ ಹಿಸುಕಿದ ಬೇಳೆ ಅನ್ನವನ್ನೂ ಸೇರಿಸಿ. ವರ್ಷ ತುಂಬುವ ಮೊದಲು ಜೇನುತುಪ್ಪ ನೆಕ್ಕಿಸಬೇಡಿ. ಮನೆಗೆ ಬಂದ ಕೂಡಲೇ ಒಮ್ಮೆ, ಮಲಗುವ ಮುನ್ನ ಒಮ್ಮೆ ಹೊಟ್ಟೆ ತುಂಬ ಎದೆಹಾಲು ಕೊಡಿ. ರಾತ್ರಿ ಒಂದೆರಡು ಸಲ ಎದ್ದರೆ ಈ ವಯಸ್ಸಿಗೆ ಅದು ಸಹಜ.

ಪ್ರಶ್ನೆ: ‘ಏನು ಮಾಡಬೇಕು ಹೇಳು, ಮಾಡ್ತೀನಿ’ ಎನ್ನುತ್ತಾರೆ ನನ್ನವರು. ಹೇಳುವುದೇ ನನಗೊಂದು ಕೆಲಸವಾಗಿದೆ.
– ಓದುಗರು, ಮೈಸೂರು

ಉತ್ತರ: ಬಿಡಿ ಕೆಲಸ ಹೇಳಬೇಡಿ, ಒಂದು ವಿಷಯವನ್ನು ಇಡಿಯಾಗಿ ಒಪ್ಪಿಸಿ. ಲಸಿಕೆಯಿಂದ ಶುರು ಮಾಡಬಹುದು. ತಾಯಿ ಕಾರ್ಡ್ ಅವರ ಬಳಿಯೇ ಇರಲಿ. 6, 10, 14ನೇ ವಾರ, 9 ತಿಂಗಳು, 16ರಿಂದ 24 ತಿಂಗಳ ಒಳಗಿನ ಡೋಸ್‌ಗಳ ತಾರೀಕು ನೆನಪಿಡುವುದು, ರಜೆ ಹಾಕುವುದು, ಕರೆದೊಯ್ಯುವುದು, ಅಂದಿನ ರಾತ್ರಿ ಜ್ವರ ಬಂದರೆ ಎದ್ದು ನೋಡುವುದು ಎಲ್ಲ ಅವರದೇ. ಮೊದಲ ಸಲ ಎರಡು ದಿನ ತಡವಾದರೂ ನೀವು ಕೈ ಹಾಕಬೇಡಿ. ಎರಡು ದಿನಕ್ಕೆ ಮಗುವಿಗೆ ತೊಂದರೆ ಇಲ್ಲ. ನೀವೇ ನೆನಪಿಸಿದರೆ ಆ ಹೊಣೆ ಮತ್ತೆ ನಿಮ್ಮ ತಲೆಗೇ ಬರುತ್ತದೆ. ಇದು ಕೂಡಿಬಂದ ಮೇಲೆ ಮಗುವಿನ ಬಟ್ಟೆ, ಆಮೇಲೆ ರಾತ್ರಿಯಡುಗೆಯ ತರಕಾರಿ ತರುವುದರಿಂದ ಪಾತ್ರೆಯವರೆಗೆ, ಹೀಗೆ ಒಂದೊಂದಾಗಿ ಬಿಟ್ಟುಕೊಡಿ.