ಅಜ್ಜಿ ತ್ಫೂ ತ್ಫೂ ಅಂದರೆ ನನ್ನ ಕಣ್ಣು ಕೆಟ್ಟದ್ದಾ?

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು. ಒಂಬತ್ತು ವರ್ಷದಿಂದ ಇಸ್ರೇಲಿನಲ್ಲಿ ಕೇರ್‌ಗಿವರ್. ಈಗ ಟೆಲ್ ಅವೀವ್ ಹತ್ತಿರ 84 ವರ್ಷದ ಯಹೂದಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೇನೆ. ಒಳ್ಳೆಯವರೇ. ಆದರೆ ಮೊನ್ನೆ ಅವರ ಮರಿಮಗುವನ್ನು ನೋಡಿ ‘ಎಷ್ಟು ಮುದ್ದಾಗಿದೆ’ ಅಂದೆ. ತಕ್ಷಣ ಅಜ್ಜಿ ‘ಬ್ಲೀ ಆಯಿನ್ ಹರಾ’ ಎಂದು ಮೂರು ಸಲ ತ್ಫೂ ತ್ಫೂ ತ್ಫೂ ಅಂದರು. ಕೆಟ್ಟ ಕಣ್ಣು ಬೀಳದಿರಲಿ ಅಂತ ಅರ್ಥವಂತೆ. ನನ್ನ ಕಣ್ಣು ಕೆಟ್ಟದ್ದಾ? ಇನ್ನೊಂದು ದಿನ ಊರಲ್ಲಿ ಕಟ್ಟಿಸುತ್ತಿರುವ ಮನೆಯ ಫೋಟೊ ತೋರಿಸಿ ‘ಎಲ್ಲಾ ನನ್ನದೇ ದುಡಿಮೆ’ ಅಂದೆ. ‘ಬಾರೂಖ್ ಹಶೆಮ್ ಅನ್ನು’ ಎಂದು ಗದರಿದರು. ದೇವರಿಗೆ ಸ್ತೋತ್ರ ಅಂತೆ. ಬೆನ್ನು ಮುರಿದುಕೊಂಡು ದುಡಿದವಳು ನಾನು. ದೇವರೇನು ಬಂದು ಡೈಪರ್ ಬದಲಿಸಿದನಾ? ಬೇರೆ ಮನೆ ಹುಡುಕಲಾ ಅನ್ನಿಸುತ್ತಿದೆ.

ಉತ್ತರ: ಬೇರೆ ಮನೆ ಹುಡುಕುವ ಮೊದಲು ಒಂದು ವಾರ ಸುಮ್ನೆ ಕಿವಿಗೊಟ್ಟು ಕೇಳಿ. ಅಜ್ಜಿ ತಮ್ಮ ಬಿ.ಪಿ. ಸರಿ ಇದೆ ಅಂದಾಗ ಏನು ಸೇರಿಸುತ್ತಾರೆ? ಮೊಮ್ಮಕ್ಕಳು ಎಷ್ಟು ಅಂತ ಯಾರಾದರೂ ಕೇಳಿದರೆ? ಅಲ್ಲೂ ‘ಬ್ಲೀ ಆಯಿನ್ ಹರಾ’ ಬಂದೇ ಬರುತ್ತದೆ, ನೋಡಿ. ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ತಮ್ಮ ಯಿಡ್ಡಿಷ್ ಭಾಷೆಯಲ್ಲಿ ‘ಕೈನೆಹೋರಾ’ ಅನ್ನುತ್ತಿದ್ದರು. ಮಾತು ಅದೇ. ನಮ್ಮಲ್ಲಿ ಮಗುವನ್ನು ಹೊಗಳಿದವರೇ ನೆಟಿಗೆ ಮುರಿಯುವುದಿಲ್ಲವೇ, ಹಾಗೆ.

ಅವರು ಹೊರಗಿನವರನ್ನು ಶಂಕಿಸಿ ಇದನ್ನು ಹೇಳುವುದಲ್ಲ. ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಧರ್ಮಗ್ರಂಥ ತೋರಾ ಓದುವಾಗ ಒಬ್ಬೊಬ್ಬರನ್ನೇ ಮುಂದಕ್ಕೆ ಕರೆಯುತ್ತಾರೆ. ಅಪ್ಪ-ಮಗನನ್ನಾಗಲಿ ಅಣ್ಣ-ತಮ್ಮನನ್ನಾಗಲಿ ಒಬ್ಬರ ಹಿಂದೆ ಒಬ್ಬರನ್ನು ಕರೆಯುವುದಿಲ್ಲ. ಕಾರಣ ಇದೇ ದೃಷ್ಟಿಯ ಭಯ. ಅಲ್ಲಿ ಕೂತವರೆಲ್ಲ ಅವರವರೇ! ಒಂದೇ ಮನೆಯ ಸುಖ ಒಟ್ಟಿಗೆ ಎಲ್ಲರ ಕಣ್ಣಿಗೆ ಬೀಳುವುದು ಬೇಡ ಅನ್ನುವ ಅಳುಕು ಅಷ್ಟೇ.

ಭಯ ಎಷ್ಟು ಹಳೆಯದು ಗೊತ್ತಾ? 3ನೇ ಶತಮಾನದಲ್ಲಿ ಬ್ಯಾಬಿಲೋನಿಯಾದ ರಾವ್ ಎಂಬ ಪಂಡಿತ ಸ್ಮಶಾನಕ್ಕೆ ಹೋಗಿ ಬಂದು, ಇಲ್ಲಿರುವವರಲ್ಲಿ 99 ಜನ ಸತ್ತಿದ್ದು ಕೆಟ್ಟ ಕಣ್ಣಿನಿಂದ, ಒಬ್ಬ ಮಾತ್ರ ಸಹಜವಾಗಿ ಅಂದನಂತೆ. ಯಹೂದಿ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುದ್‌ನಲ್ಲಿದೆ. ಆದರೆ ಅದೇ ಪುಟದಲ್ಲಿ ಶ್ಮುಯೆಲ್ ಎಂಬಾತ ‘ಎಲ್ಲ ಗಾಳಿಯಿಂದ’ ಅನ್ನುತ್ತಾನೆ, ಹನೀನಾ ಎಂಬಾತ ‘ಚಳಿಯಿಂದ’ ಅನ್ನುತ್ತಾನೆ. ಜಗಳ ಬಗೆಹರಿಸದೆ ಹಾಗೇ ಬರೆದಿಟ್ಟಿದ್ದಾರೆ, ನನಗೆ ಅದೇ ಇಷ್ಟ. 20ನೇ ಶತಮಾನದಲ್ಲಿ ನ್ಯೂಯಾರ್ಕಿನ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಫೈನ್‌ಸ್ಟೈನ್ ಅವರಂತೂ, ದೃಷ್ಟಿಗೆ ಸ್ವಲ್ಪ ಎಚ್ಚರ ಇರಲಿ, ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ತಲೆಕೆಡಿಸಿಕೊಳ್ಳದವರ ತಂಟೆಗೆ ಅದೂ ಬರುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ, ದೃಷ್ಟಿ ತಾಗದಿರಲಿ ಅಂತ ಕೆಂಪು ದಾರ ಕಟ್ಟಿ ಕಾಸು ಕೇಳುವವರನ್ನು ನೀವೂ ನೋಡಿರುತ್ತೀರಿ. ಬೆರಳಿಗೆ ಕೆಂಪು ದಾರ ಕಟ್ಟುವುದು ಅನ್ಯರ ಮೂಢನಂಬಿಕೆ ಅಂತ ಅವರದೇ ಹಳೆಯ ಗ್ರಂಥ ಹೇಳುತ್ತದೆ!

ನೀವು ಮಗುವನ್ನು ಮೆಚ್ಚಿದಿರಲ್ಲ, ಅದಕ್ಕೂ ಅವರಲ್ಲಿ ಹೆಸರಿದೆ: ಒಳ್ಳೆಯ ಕಣ್ಣು. ಮನುಷ್ಯ ಹಿಡಿಯಬೇಕಾದ ಒಳ್ಳೆಯ ದಾರಿ ಯಾವುದು ಅಂತ ಗುರು ಕೇಳಿದಾಗ ಶಿಷ್ಯ ಎಲಿಯೆಜರ್ ಕೊಟ್ಟ ಉತ್ತರ ಇದೇ. ಇನ್ನೊಬ್ಬರ ಸುಖ ನೋಡಿ ಉರಿಯದ ಕಣ್ಣು.

ಇನ್ನು ಮನೆಯ ವಿಷಯ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಜ್ಜಿ ಗದರಿದ್ದು ಸರಿಯಲ್ಲ. ಆದರೆ ಆ ಮಾತಿನ ಬೇರು ಬೈಬಲ್ಲಿನ ಧರ್ಮೋಪದೇಶಕಾಂಡದ ಎಂಟನೇ ಅಧ್ಯಾಯದಲ್ಲಿದೆ. ಒಳ್ಳೆಯ ಮನೆ ಕಟ್ಟಿ, ಹೊಟ್ಟೆ ತುಂಬಿದಾಗ ‘ನನ್ನ ಕೈಯ ಬಲವೇ ಈ ಐಶ್ವರ್ಯ ತಂದಿತು’ ಅಂದುಕೊಳ್ಳಬೇಡ, ಐಶ್ವರ್ಯ ಗಳಿಸುವ ಬಲವನ್ನು ಕೊಟ್ಟವನನ್ನು ನೆನೆ ಅನ್ನುತ್ತದೆ. 14ನೇ ಶತಮಾನದಲ್ಲಿ ಬಾರ್ಸಿಲೋನಾದಲ್ಲಿದ್ದ ರಬ್ಬಿ ನಿಸ್ಸಿಮ್ ಇಲ್ಲೊಂದು ಸೂಕ್ಷ್ಮ ಹಿಡಿದರು. ದೇವರು ಐಶ್ವರ್ಯ ಕೊಡುತ್ತಾನೆ ಅಂತ ಅಲ್ಲಿಲ್ಲ, ಗಳಿಸುವ ಬಲ ಕೊಡುತ್ತಾನೆ ಅಂತಿದೆ. ಅಂದರೆ ಗಳಿಸಿದವರು ನೀವೇ. ನಡುರಾತ್ರಿ ಎದ್ದು ಅಜ್ಜಿಯನ್ನು ಮಗ್ಗುಲು ಬದಲಿಸಿದ್ದು ನಿಮ್ಮ ಕೈಯೇ. ಒಂಬತ್ತು ವರ್ಷ ಆ ಕೈ ಕೈಕೊಡಲಿಲ್ಲವಲ್ಲ, ಬಾರೂಖ್ ಹಶೆಮ್ ಅದಕ್ಕೆ. ನಿಮ್ಮ ಪಾಲಿಗೆ ಯಾರೂ ಕತ್ತರಿ ಹಾಕಿಲ್ಲ.

ಹಾಗಂತ ‘ಎಲ್ಲಾ ದೇವರ ದಯೆ’ ಅಂತ ಹೇಳಿ ಯಾರಾದರೂ ಸಂಬಳ ತಡ ಮಾಡಿದರೆ ಸುಮ್ಮನಿರಬೇಡಿ. ಕೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯ ಮುಳುಗುವ ಮೊದಲೇ ಕೊಡು ಅಂತ ಅದೇ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ.

ಮುಂದಿನ ಸಲ ಮಗುವನ್ನು ಮುದ್ದಿಸುವಾಗ ‘ಬ್ಲೀ ಆಯಿನ್ ಹರಾ’ವನ್ನು ನೀವೇ ಮೊದಲು ಹೇಳಿಬಿಡಿ. ‘ನಾನೇ ದುಡಿದೆ, ಬಾರೂಖ್ ಹಶೆಮ್’ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಗದರಿದ್ದು ನೋವಾಯಿತು ಅಂತಲೂ ಹೇಳಿ. ಆಮೇಲೆ ಆ ಮನೆಯ ಫೋಟೊ ಇನ್ನೊಮ್ಮೆ ತೆಗೆದು ಜೂಮ್ ಮಾಡಿ ನೋಡಿ. ನಾನು ನೋಡಿಲ್ಲ, ಆದರೆ ದೃಷ್ಟಿಗೊಂಬೆಯೋ ಬೂದುಗುಂಬಳವೋ ತೂಗದ ಸೈಟು ನಮ್ಮ ಕಡೆ ಅಪರೂಪ. ಅದು ಯಾರ ಕಣ್ಣಿಗೆ ಅಂತ ಅಜ್ಜಿ ಕೇಳಿದರೆ ಏನು ಹೇಳುತ್ತೀರಿ?