ಇಬ್ಬರು ಪೂರೈಕೆದಾರರು, ಒಂದೇ ಕಾಲುವೆ

ಪ್ರಶ್ನೆ: ನಾನು ಯಂತ್ರೋಪಕರಣ ತಯಾರಿಸುವ ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಹವಾಮಾನ ಬದಲಾವಣೆಯಂತಹ ದೀರ್ಘಕಾಲದ ಜಾಗತಿಕ ಪಲ್ಲಟಗಳನ್ನು ತಾಳಿಕೊಳ್ಳುವಂತೆ ಪೂರೈಕೆ ಸರಪಳಿಯನ್ನು ಸಜ್ಜುಗೊಳಿಸಬೇಕೆಂದು ನಮ್ಮ ಆಡಳಿತ ಮಂಡಳಿ ಸೂಚಿಸಿದೆ. ದಾಸ್ತಾನು ಹೆಚ್ಚಿಸಿ, ಪ್ರತಿ ಬಿಡಿಭಾಗಕ್ಕೂ ಇಬ್ಬರು ಪೂರೈಕೆದಾರರನ್ನು ಗೊತ್ತುಮಾಡಿಕೊಂಡರೆ ಸಾಕೇ?

ಉತ್ತರ: ಸಾಲದು. ನೀವು ಹೇಳಿದ ಎರಡೂ ಕ್ರಮಗಳು ಬೇಕಾದವೇ ಆದರೂ, ಅವು ಬಂದು ಹೋಗುವ ಆಘಾತಕ್ಕೆ ತಕ್ಕಂಥವು. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಸಂಚಾರ ನಿಂತಾಗ, ಗೋದಾಮಿನಲ್ಲಿ ಒಂದು ತಿಂಗಳಿಗಾಗುವಷ್ಟು ಸರಕಿದ್ದವರು ಕಾದು ಕುಳಿತಿರಬಹುದಿತ್ತು. ಹಡಗು ಬಿಡಿಸಿಕೊಂಡ ಮೇಲೆ ಕಾಲುವೆ ಮೊದಲಿನಂತೆಯೇ ಇತ್ತು. ದೀರ್ಘಕಾಲದ ಬದಲಾವಣೆಯಲ್ಲಾದರೋ ಮರಳಿ ಹೋಗಲು ಆ ಮೊದಲಿನ ಸ್ಥಿತಿಯೇ ಉಳಿದಿರುವುದಿಲ್ಲ.

ಪನಾಮಾ ಕಾಲುವೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿ ಹಡಗುಗಳು ‘ಲಾಕ್’ ಎಂಬ ನೀರಿನ ಕೋಣೆಗಳ ಮೂಲಕ ಮೆಟ್ಟಿಲು ಹತ್ತಿದಂತೆ ಏರಿ, ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿರುವ ಗಾಟುನ್ ಸರೋವರವನ್ನು ದಾಟಿ, ಆಚೆ ಬದಿಯಲ್ಲಿ ಇಳಿಯುತ್ತವೆ. ಹಡಗನ್ನು ಎತ್ತುವುದು ಪಂಪಲ್ಲ, ಸರೋವರದಿಂದ ತಾನಾಗಿ ಹರಿದು ಬರುವ ಸಿಹಿನೀರು. ಒಂದು ಹಡಗು ದಾಟುವಷ್ಟರಲ್ಲಿ ಸುಮಾರು 20 ಕೋಟಿ ಲೀಟರ್ ಸಮುದ್ರದ ಪಾಲಾಗುತ್ತದೆ. ಸುತ್ತಲಿನ ಜನರ ಕುಡಿಯುವ ನೀರಿಗೂ ಅದೇ ಸರೋವರ ಆಸರೆ. 2023ರಲ್ಲಿ ಮಳೆ ಕೈಕೊಟ್ಟಾಗ, ದಿನಕ್ಕೆ ಸುಮಾರು 36 ಹಡಗುಗಳಿಗೆ ಇದ್ದ ಅವಕಾಶವನ್ನು ಹಂತಹಂತವಾಗಿ 24ರ ಆಸುಪಾಸಿಗೆ ಇಳಿಸಬೇಕಾಯಿತು. ಮರುವರ್ಷ ಮಳೆಯಾಗಿ ಸಂಚಾರ ಚೇತರಿಸಿಕೊಂಡಿತು, ನಿಜ. ಆದರೆ ಕಾಲುವೆಗೆ ನೀರೆಷ್ಟು, ಕುಡಿಯಲು ಎಷ್ಟು ಎಂಬ ಪೈಪೋಟಿ ಅಲ್ಲಿಗೇ ಮುಗಿಯಲಿಲ್ಲ. ನಿಮ್ಮ ಇಬ್ಬರು ಪೂರೈಕೆದಾರರು ಬೇರೆ ಬೇರೆ ದೇಶದವರಾಗಿದ್ದು, ಇಬ್ಬರ ಸರಕೂ ಈ ಕಾಲುವೆಯನ್ನೇ ಹಾಯ್ದು ಬರುವುದಾದರೆ, ಬರಗಾಲದ ಲೆಕ್ಕದಲ್ಲಿ ಅವರು ಒಬ್ಬರೇ.

ಆದ್ದರಿಂದ ಪೂರೈಕೆದಾರರಿಗೆ ಪೂರೈಸುವವರು ಯಾರು ಎಂಬ ವಿಚಾರಣೆಯೇ ಮೊದಲ ಕೆಲಸ. 2011ರ ಜಪಾನ್ ಭೂಕಂಪದ ನಂತರ ಟೊಯೋಟಾ ತನ್ನ ಸರಪಳಿಯ ಕೆಳಹಂತಗಳವರೆಗಿನ ಮಾಹಿತಿಯನ್ನು ಕಲೆಹಾಕಿದ್ದು ಇದೇ ಕಾರಣಕ್ಕೆ. ಇದು ಬೇಸರದ ಕೆಲಸ. ಹೇಳಲು ಒಪ್ಪದವರೂ ಇರುತ್ತಾರೆ. ಆದರೂ ಬಿಡಬೇಡಿ.

ಎರಡನೆಯ ಕೆಲಸ, ಬದಲಾದ ಸ್ಥಿತಿಯಲ್ಲಿಯೇ ನಡೆಯಬಲ್ಲ ವ್ಯವಸ್ಥೆಯನ್ನು ಕಟ್ಟುವುದು. ಜರ್ಮನಿಯ ರೈನ್ ನದಿಯಲ್ಲಿ ಕೌಬ್ ಎಂಬಲ್ಲಿನ ನೀರಿನ ಮಾಪಕವನ್ನು ಸರಕು ಸಾಗಿಸುವವರೆಲ್ಲ ದಿನವೂ ಗಮನಿಸುತ್ತಾರೆ. (ಮಾಪಕ 40 ಸೆಂಟಿಮೀಟರ್ ತೋರಿಸಿದರೆ ನದಿಯ ಆಳ ಅಷ್ಟೇ ಎಂದರ್ಥವಲ್ಲ, ಹಡಗಿನ ಹಾದಿಯಲ್ಲಿ ನೀರು ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಆಳವಿರುತ್ತದೆ.) 2018ರ ಬರದಲ್ಲಿ ಆ ಮಟ್ಟ 25 ಸೆಂಟಿಮೀಟರಿಗೆ ಕುಸಿದು, ನದಿಯನ್ನೇ ನಂಬಿದ್ದ ಬಿಎಎಸ್‌ಎಫ್ ರಾಸಾಯನಿಕ ಕಂಪನಿ ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ಮುಂದೆ ಅದು ನೀರು ಏರಲೆಂದು ಕಾಯದೆ, ಮಟ್ಟ 30 ಸೆಂಟಿಮೀಟರಿಗೆ ಇಳಿದಾಗಲೂ 800 ಟನ್ ಹೊತ್ತು ಸಾಗಬಲ್ಲ ಅಗಲವಾದ ಹಡಗೊಂದನ್ನು ವಿನ್ಯಾಸಗೊಳಿಸಿತು. ಆ ಹಡಗು 2023ರಲ್ಲಿ ಸಿದ್ಧವಾಯಿತು. ನಾನು ಮೆಚ್ಚುವುದು ಇಂಥ ಯೋಚನೆಯನ್ನು: ಬರವನ್ನು ಅಪವಾದವೆಂದು ಬದಿಗಿಡದೆ ವಿನ್ಯಾಸದ ಅಳತೆಯೊಳಗೇ ಸೇರಿಸಿಕೊಳ್ಳುವುದು.

ಇದಕ್ಕೆ ಹಣ ಬೇಕು, ಆ ಹೊರೆಯನ್ನು ಸಣ್ಣ ಪೂರೈಕೆದಾರರ ತಲೆಗೆ ಕಟ್ಟುವುದು ಅನ್ಯಾಯ. ವರ್ಷಕ್ಕೊಮ್ಮೆ ದರ ಜಗ್ಗುವ ಒಪ್ಪಂದದಲ್ಲಿ ಯಾರೂ ಹೊಸ ಬಾವಿ ತೋಡುವುದಿಲ್ಲ, ಪ್ರವಾಹದ ಮಟ್ಟಕ್ಕಿಂತ ಮೇಲೆ ಯಂತ್ರಗಳನ್ನು ಎತ್ತರಿಸುವುದಿಲ್ಲ. ಹಲವು ವರ್ಷಗಳ ಒಪ್ಪಂದ ಮಾಡಿಕೊಂಡು ವೆಚ್ಚದಲ್ಲಿ ಪಾಲು ಹೊರಿ ಎಂದು ನಿಮ್ಮ ಮಂಡಳಿಗೆ ಸ್ಪಷ್ಟವಾಗಿ ತಿಳಿಸಿ.

ವಿಚಾರಣೆಯನ್ನು ದುಬಾರಿ ಬಿಡಿಭಾಗಗಳಿಂದ ಆರಂಭಿಸಬೇಡಿ. ಅವುಗಳ ಮೇಲೆ ಈಗಾಗಲೇ ಎಲ್ಲರ ಕಣ್ಣಿರುತ್ತದೆ. ಯಾವ ಅಗ್ಗದ ಸೀಲ್ ಅಥವಾ ಕನೆಕ್ಟರ್ ಇಲ್ಲದಿದ್ದರೆ ಸಿದ್ಧವಾದ ಯಂತ್ರ ಬಾಗಿಲು ದಾಟುವುದಿಲ್ಲವೋ, ಅದು ಎಲ್ಲಿ ತಯಾರಾಗುತ್ತದೆ, ಆ ಕಾರ್ಖಾನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಿ.