ಮೊದಲ ಸಲ ಹೂಮರ ನೆಡುತ್ತಿದ್ದೇವೆ, ಮೈಸೂರಿನ ಮನೆ ಮುಂದೆ ಯಾವುದು ಹಾಕಬಹುದು?

ನೀವು ಕೇಳಿರುವುದು ಇಷ್ಟು: ಮೈಸೂರಿನ ಹೊಸ ಬಡಾವಣೆಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿದ್ದೀರಿ. ಕಾಂಪೌಂಡಿನೊಳಗೆ ಆರಡಿ ಜಾಗ ಇದೆ, ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಇನ್ನೊಂದಿಷ್ಟು ಇದೆ. ನರ್ಸರಿಯವರು ಹತ್ತಡಿ ಎತ್ತರದ ಗುಲ್‌ಮೊಹರ್ ತೋರಿಸಿ, ಇದನ್ನೇ ಹಾಕಿ, ಬೇಗ ಹೂ ಬರುತ್ತೆ ಅಂದಿದ್ದಾರೆ. ತಗೊಳ್ಳಬಹುದಾ?

ದಯವಿಟ್ಟು ಬೇಡ. ಗುಲ್‌ಮೊಹರ್ ನನಗೂ ಬಹಳ ಇಷ್ಟ. ಆದರೆ ಅದು ಮೂವತ್ತು ನಲವತ್ತು ಅಡಿ ಅಗಲಕ್ಕೆ ಕೊಡೆಯಂತೆ ಹರಡುವ ಮರ. ಬೇರು ನೆಲದ ಮೇಲ್ಮಟ್ಟದಲ್ಲೇ ಓಡುತ್ತದೆ. ಕಾಂಪೌಂಡು, ಸಂಪು ಎರಡಕ್ಕೂ ಕಷ್ಟ. ಕೊಂಬೆಯೂ ಗಟ್ಟಿಯಿಲ್ಲ, ಗಾಳಿಮಳೆಗೆ ಮುರಿಯುತ್ತದೆ. ಶಾಲೆಯ ಮೈದಾನಕ್ಕೆ, ತೋಟದ ಅಂಚಿಗೆ ಅದು ಚೆನ್ನ. ಬೆಳೆದ ಮೇಲೆ ತೆಗೆಸೋಣ ಅಂದರೆ ಅದೂ ಸುಲಭವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಕೇಳಬೇಕಾಗುತ್ತದೆ. ಹಾಗಾಗಿ ಇಪ್ಪತ್ತು ವರ್ಷ ಆದರೂ ನಿಮ್ಮ ಜಾಗಕ್ಕೆ ಹಿಡಿಸುವ ಮರವನ್ನೇ ಆರಿಸಿ.

ಕಾಂಪೌಂಡಿನೊಳಗೆ ನಾನು ಹೇಳುವುದು ಪಾರಿಜಾತ. ಕತ್ತರಿಸಿದಷ್ಟೂ ಚಿಗುರುತ್ತದೆ, ಹತ್ತು ಹನ್ನೆರಡು ಅಡಿಗೆ ಹಿಡಿದಿಡಬಹುದು. ಮಳೆಗಾಲದ ಕೊನೆಯಿಂದ ದಸರಾ ದಾಟುವವರೆಗೂ ದಿನಾ ಬೆಳಗ್ಗೆ ಹೂ ಉದುರಿರುತ್ತದೆ. ಸಂಪಿಗೆ ಬೇಕೇ ಬೇಕು ಅಂದರೆ ಕಸಿ ಗಿಡ ಕೇಳಿ, ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ. ಬೀಜದ ಸಂಪಿಗೆಯಾದರೆ ಏಳೆಂಟು ವರ್ಷವಾದರೂ ಕಾಯಬೇಕು.

ಗೇಟಿನ ಹೊರಗೆ ಕಕ್ಕೆ (ಹಳದಿ ಹೂಗೊಂಚಲು ಇಳಿಬಿಡುವ ಮರ) ಅಥವಾ ಹೊಳೆದಾಸವಾಳ (ನೇರಳೆ ಹೂವಿನ ಮರ, ದಾಸವಾಳದ ಗಿಡವಲ್ಲ). ಎರಡೂ ನಮ್ಮ ನಾಡಿನವೇ, ಎರಡೂ ಏಪ್ರಿಲ್-ಮೇ ಹೊತ್ತಿಗೆ ಹೂ ಬಿಡುತ್ತವೆ. ಕಕ್ಕೆಗೆ ನೀರು ನಿಂತರೆ ಆಗುವುದಿಲ್ಲ. ಹೊಳೆದಾಸವಾಳ ತೇವ ತಡೆಯುತ್ತದೆ. ಮಂಡ್ಯದ ನಾಲೆ ಬಯಲಿನಲ್ಲಿ ಜವುಗು ಇರುವ ಕಡೆ ಹೊಳೆದಾಸವಾಳವನ್ನೇ ಹಾಕಿ ಅನ್ನುತ್ತೇನೆ. ಮೈಸೂರಿನ ಕೆಂಪು ಮಣ್ಣಿಗೆ ಕಕ್ಕೆ ಸರಿ. ಬೇಸಿಗೆಗೆ ಒಂದು, ದಸರಾಗೆ ಒಂದು ಅಂತ ಹೀಗೆ ತಿಂಗಳು ನೋಡಿ ಆರಿಸಿದರೆ ಎರಡೇ ಮರದಲ್ಲಿ ವರ್ಷದ ಎರಡು ಕಾಲಕ್ಕೆ ಹೂ ಸಿಗುತ್ತದೆ. ಹೊರಗೆ ನೆಡುವ ಮುನ್ನ ಪಾಲಿಕೆಯವರನ್ನು ಒಂದು ಮಾತು ಕೇಳಿ. ಯುಜಿಡಿ (ನೆಲದಡಿಯ ಒಳಚರಂಡಿ) ಪೈಪು ಎಲ್ಲಿ ಹೋಗಿದೆ, ಮೇಲೆ ಕರೆಂಟ್ ವೈರ್ ಇದೆಯಾ ನೋಡಿಕೊಳ್ಳಿ. ವೈರ್ ಇದ್ದರೆ ಅಲ್ಲಿ ಎತ್ತರದ ಮರ ಬೇಡವೇ ಬೇಡ.

ಇನ್ನು ಕೊಳ್ಳುವ ವಿಷಯ. ಹೊಸಬರು ನಿಜವಾಗಿ ಎಡವುವುದು ಇಲ್ಲೇ. ಎಲ್ಲರೂ ನೋಡುವುದು ಎತ್ತರ ಮತ್ತು ಹೂ. ನೀವು ಬೇರು ನೋಡಿ. ಹತ್ತಡಿ ಗಿಡ ಚಿಕ್ಕ ಕವರಿನಲ್ಲಿ ನಿಂತಿದೆ ಅಂದರೆ ಅದು ಅಲ್ಲಿ ತುಂಬಾ ದಿನದಿಂದ ಇದೆ. ಬೇರಿಗೆ ಹೋಗಲು ಜಾಗವಿಲ್ಲದೆ ಕವರಿನೊಳಗೇ ಸುತ್ತಿಕೊಂಡಿರುತ್ತದೆ. ನೆಲಕ್ಕೆ ಹಾಕಿದ ಮೇಲೂ ಆ ಸುತ್ತು ತಾನಾಗಿ ಬಿಡುವುದಿಲ್ಲ. ಗಿಡ ದಪ್ಪವಾದಂತೆ ಬೇರೇ ಬುಡವನ್ನು ಬಿಗಿಯುತ್ತದೆ. ಐದಾರು ವರ್ಷ ಚೆನ್ನಾಗಿದ್ದ ಮರ ಒಂದು ಗಾಳಿಗೆ ಬುಡಸಮೇತ ವಾಲುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮೂರು ನಾಲ್ಕು ಅಡಿಯ ಗಿಡ ಸಾಕು. ಕಾಂಡ ಹಿಡಿದು ಮೆತ್ತಗೆ ಎತ್ತಿ ನೋಡಿ, ಮಣ್ಣಿನ ಹೆಂಟೆಯೂ ಜೊತೆಗೆ ಏಳಬೇಕು. ಗಿಡ ಮಾತ್ರ ಸಡಿಲವಾಗಿ ಅಲ್ಲಾಡಿದರೆ ಅದನ್ನು ಮೊನ್ನೆ ಮೊನ್ನೆ ಕವರಿಗೆ ಹಾಕಿದ್ದಾರೆ ಅಂತ. ಕವರಿನ ತಳದಲ್ಲಿ ದಪ್ಪ ಬೇರು ಹೊರಗೆ ಬಂದು ನೆಲಕ್ಕೆ ಇಳಿದಿದ್ದರೆ ಬಿಡಿ, ಎತ್ತುವಾಗ ಅದೇ ಬೇರು ಹರಿಯುತ್ತದೆ. ಕೋಲು ಬಿಚ್ಚಿದರೂ ಗಿಡ ತಾನಾಗಿ ನಿಲ್ಲಬೇಕು. ಮಳೆಗಾಲ ಶುರುವಾಗುವ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲೂ ವಿಚಾರಿಸಿ. ಇಂಥ ಸಸಿಗಳು ಕಡಿಮೆ ದರಕ್ಕೆ ಸಿಗುತ್ತವೆ. ನೋಡಲು ಸಪ್ಪೆಯಾಗಿರುತ್ತವೆ ಅಂತ ಬಿಟ್ಟು ಬರಬೇಡಿ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಹೊಸ ಬಡಾವಣೆ ಅಲ್ವಾ, ತೋಡಿದರೆ ಜಲ್ಲಿ, ಸಿಮೆಂಟ್ ತುಂಡು, ಇಟ್ಟಿಗೆ ಪುಡಿ ಬರುವುದೇ ಜಾಸ್ತಿ. ಅದನ್ನು ಪೂರ್ತಿ ಹೊರಗೆ ಹಾಕಿ, ಒಳ್ಳೆಯ ಕೆಂಪು ಮಣ್ಣು ತರಿಸಿ. ಸಿಮೆಂಟ್ ಬೆರೆತ ಮಣ್ಣಿನಲ್ಲಿ ಸಂಪಿಗೆಯಂಥ ಗಿಡದ ಎಲೆ ಹಳದಿಯಾಗುತ್ತದೆ, ಎಷ್ಟು ಗೊಬ್ಬರ ಸುರಿದರೂ ಪ್ರಯೋಜನವಿಲ್ಲ. ಮಣ್ಣಿಗೆ ಕಾಲು ಭಾಗದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕಬೇಡಿ, ಗೆದ್ದಲು, ಗೊಣ್ಣೆಹುಳ ಬರುತ್ತವೆ. ಕವರನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ಸುತ್ತಿದ ಸಣ್ಣ ಬೇರಿದ್ದರೆ ಬಿಡಿಸಿ, ಇಲ್ಲವೇ ಕತ್ತರಿಸಿ. ಕವರಿನಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡಕ್ಕೆ ಮಣ್ಣು ಏರಿಸಬೇಡಿ.

ನಮ್ಮ ಕಡೆ ಮಳೆ ಮೇನಲ್ಲಿ ಒಂದು ಸಲ ಜೋರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಂದು ಸಲ. ನಡುವೆ ಮೋಡ, ತುಂತುರು. ಜೂನ್ ಮೊದಲಿಗೆ ನೆಟ್ಟರೆ ತಂಪಿನಲ್ಲಿ ಬೇರು ಹಿಡಿದು, ಹಿಂಗಾರಿಗೆ ಗಿಡ ಎದ್ದು ನಿಲ್ಲುತ್ತದೆ. ಆಷಾಢದ ಗಾಳಿ ಗೊತ್ತಲ್ಲ, ಪಕ್ಕದಲ್ಲಿ ಒಂದು ಗಟ್ಟಿ ಕೋಲು ನೆಟ್ಟು ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ರಸ್ತೆ ಬದಿಯ ಗಿಡಕ್ಕೆ ಟ್ರೀ ಗಾರ್ಡ್ ಹಾಕಲೇಬೇಕು, ಹಸು ಮೇಕೆ ಒಂದೇ ಸಂಜೆಗೆ ಮುಗಿಸಿಬಿಡುತ್ತವೆ.

ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ದಿನಾ ಒಂದು ಚೊಂಬು ಚಿಮುಕಿಸುವುದರಿಂದ ಬೇರು ಮೇಲೇ ಉಳಿಯುತ್ತದೆ. ವಾರಕ್ಕೆರಡು ಸಲ, ಎರಡೆರಡು ಬಕೆಟ್, ನಿಧಾನವಾಗಿ ಪಾತಿಗೆ ಹಾಕಿ. ಮೇಲೆ ತರಗೆಲೆ ಹರಡಿ, ಕಬ್ಬಿನ ತರಗು ಸಿಕ್ಕರೆ ಇನ್ನೂ ಒಳ್ಳೆಯದು. ಬುಡಕ್ಕೆ ಮಾತ್ರ ತಾಗಿಸಬೇಡಿ.

ಕಕ್ಕೆ ಮೊದಲೆರಡು ವರ್ಷ ಬೆಳೆಯುತ್ತಲೇ ಇಲ್ಲವೇನೋ ಅನ್ನಿಸುತ್ತದೆ. ಗಾಬರಿ ಬೇಡ, ಕೆಳಗೆ ಬೇರು ಇಳಿಯುತ್ತಿರುತ್ತದೆ. ಒಂದು ದಿನ ಹಸಿರು ಹುಳಗಳು ಎಳೆ ಎಲೆಯನ್ನೆಲ್ಲ ತಿಂದು ಹಾಕಿರುವುದು ಕಾಣಬಹುದು. ಅವು ತಿಳಿಹಳದಿ ಚಿಟ್ಟೆಯ ಮರಿಗಳು, ಕಕ್ಕೆಯ ಎಲೆ ಅವುಗಳ ಮುಖ್ಯ ಆಹಾರ. ಔಷಧಿ ಹೊಡೆಯಬೇಡಿ. ಬೇರು ಚೆನ್ನಾಗಿದ್ದರೆ ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತದೆ.